ಸಾಬಾ: ಮೆಟ್ಟಿಲೇ ದಾರಿಯಾಗಿದ್ದ ದ್ವೀಪ

ಸಾಬಾದಲ್ಲಿ ಇರುವುದು ಒಂದೇ ರಸ್ತೆ. ಅದಕ್ಕೊಂದು ಹೆಸರಿಡಬೇಕೆಂದು ಯಾರಿಗೂ ಅನ್ನಿಸಿಲ್ಲ. ‘ದಿ ರೋಡ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಈಶಾನ್ಯ ತುದಿಯ ವಿಮಾನ ನಿಲ್ದಾಣದಿಂದ ಹೊರಟು, ತಿರುವಿನ ಮೇಲೆ ತಿರುವು ಹತ್ತಿ ಝಯನ್ಸ್ ಹಿಲ್ ತಲುಪುತ್ತದೆ. ಅಲ್ಲಿಂದ ವಿಂಡ್‌ವರ್ಡ್‌ಸೈಡ್, ಆಮೇಲೆ ಸೇಂಟ್ ಜಾನ್ಸ್, ಇಳಿಜಾರಿನಲ್ಲಿ ರಾಜಧಾನಿ ದಿ ಬಾಟಮ್, ಕೊನೆಗೆ ಫೋರ್ಟ್ ಬೇ ಬಂದರು. ಅಲ್ಲಿಗೆ ಮುಗಿಯಿತು. ನಾಲ್ಕು ಊರು, ಹೆಚ್ಚುಕಡಿಮೆ 2,000 ಜನ, 13 ಚದರ ಕಿಲೋಮೀಟರ್ ನೆಲ. ಆ ನೆಲವೂ ಸಮುದ್ರದಿಂದ ನೇರ ಎದ್ದು ನಿಂತ ಸುಪ್ತ ಜ್ವಾಲಾಮುಖಿಯೊಂದರ ಮೈ. ಇಲ್ಲಿ ಮಕ್ಕಳು ಚೆಂಡಾಡುವ ಮೈದಾನಕ್ಕೆ ಎತ್ತರದ ಬಲೆ ಕಟ್ಟಿರುವುದು ಯಾಕೆಂದು ಕೇಳಬೇಕಾಗಿಲ್ಲ.

ನಕಾಶೆಯಲ್ಲಿ ಹುಡುಕುವವರಿಗೆ: ಕೆರಿಬಿಯನ್ ಸಮುದ್ರದ ಈಶಾನ್ಯ ಮೂಲೆಯಲ್ಲಿ ಸೇಂಟ್ ಮಾರ್ಟನ್ ದ್ವೀಪವಿದೆಯಲ್ಲ, ಅದರ ನೈರುತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಒಂದು ಚುಕ್ಕೆ. 2010ರ ಅಕ್ಟೋಬರ್ 10ರಂದು ನೆದರ್ಲೆಂಡ್ಸ್ ಆ್ಯಂಟಿಲೀಸ್ ಎಂಬ ಒಕ್ಕೂಟ ವಿಸರ್ಜನೆಯಾದಾಗ ಸಾಬಾ ನೇರವಾಗಿ ನೆದರ್ಲೆಂಡ್ಸ್‌ನ ಒಂದು ವಿಶೇಷ ಪುರಸಭೆಯಾಯಿತು. ಅಧಿಕೃತ ಭಾಷೆ ಡಚ್, ಮನೆಮಾತು ಇಂಗ್ಲಿಷ್, ಅಂಗಡಿಯಲ್ಲಿ ನಡೆಯುವುದು ಅಮೆರಿಕದ ಡಾಲರ್. ಈ ಮೂರರ ನಡುವೆ ಯಾರಿಗೂ ಏನೂ ಗೊಂದಲವಿದ್ದಂತೆ ಕಾಣಲಿಲ್ಲ.

ಕೆರಿಬಿಯನ್ ಎಂದ ಕೂಡಲೇ ಕ್ಯಾಲೆಂಡರ್ ಚಿತ್ರದ ಬಿಳಿ ಮರಳು, ಬಾಗಿದ ತೆಂಗು ನೆನಪಾಗುತ್ತವೆ. ಸಾಬಾದಲ್ಲಿ ಅದಿಲ್ಲ. ವಾಯವ್ಯದ ವೆಲ್ಸ್ ಬೇ ಎಂಬಲ್ಲಿ ಬೇಸಿಗೆಯಲ್ಲಿ ಒಂದಿಷ್ಟು ಮರಳು ಬಂದು ಕೂರುತ್ತದೆ, ಚಳಿಗಾಲದ ಅಲೆ ಬಂದಾಗ ಅದನ್ನೂ ಎಳೆದುಕೊಂಡು ಹೋಗುತ್ತದೆ. ಸುತ್ತ ಎಲ್ಲೆಡೆ ಕಡಿದಾದ ಬಂಡೆ. ಹೀಗಾಗಿ ಇಲ್ಲಿಗೆ ಬರುವವರು ಮಾಡುವುದು ಎರಡೇ: ಬೆಟ್ಟ ಹತ್ತುವುದು, ನೀರಿನೊಳಗೆ ಇಳಿಯುವುದು. ಎರಡೂ ಹವ್ಯಾಸವಾಗಿದ್ದು ಈಚೆಗೆ. ಮೊದಲು ಎರಡೂ ಹೊಟ್ಟೆಪಾಡಾಗಿದ್ದವು. ಹೊರಗಿನವರು ಇವತ್ತು ದುಡ್ಡು ಕೊಟ್ಟು ಏದುಸಿರು ಬಿಡುತ್ತ ಹತ್ತುವ ಜಾಡುಗಳೆಲ್ಲ ನೂರು ವರ್ಷದ ಹಿಂದೆ ಈ ಜನ ಅಕ್ಕಿಮೂಟೆ ಹೊತ್ತು ಓಡಾಡಿದ ದಾರಿಗಳು. ಈ ಒಂದು ಸಂಗತಿ ತಿಳಿಯದೆ ಸಾಬಾ ನೋಡಿದರೆ ಅರ್ಧ ನೋಡಿದಂತೆ.

ಹಾಗಾಗಿ ರಸ್ತೆಯ ಕಥೆಯಿಂದಲೇ ಶುರು ಮಾಡಬೇಕು.

1930ರ ದಶಕದವರೆಗೂ ಸಾಬಾದಲ್ಲಿ ಗಾಡಿ ಓಡುವ ದಾರಿಯೇ ಇರಲಿಲ್ಲ. ಸಾಮಾನು ಹೊತ್ತ ಹಡಗು ದೂರದಲ್ಲಿ ನಿಲ್ಲುತ್ತಿತ್ತು. ಅಲೆಗಳ ನಡುವೆ ಸಣ್ಣ ದೋಣಿ ತೂರಿಸಿ, ಸೊಂಟಮಟ್ಟದ ನೀರಿನಲ್ಲಿ ನಿಂತು ಇಳಿಸಿ, ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಬೇಕು. ಮರದ ತೊಲೆ, ಸಿಮೆಂಟು, ಹಿಟ್ಟಿನ ಚೀಲ, ಕಾಯಿಲೆಯವರು, ಎಲ್ಲಾ ಹೀಗೇ. ಪಿಯಾನೊವನ್ನೂ ಹೊತ್ತು ತಂದದ್ದುಂಟು ಎಂದು ಊರವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ರಸ್ತೆ ಮಾಡಿಕೊಡಿ ಎಂದು ಕೇಳಿದಾಗ ಡಚ್ ಎಂಜಿನಿಯರುಗಳು ಇಳಿಜಾರು ನೋಡಿ ಸಾಧ್ಯವೇ ಇಲ್ಲವೆಂದರು. ಆಗ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರು ಅಂಚೆ ಮೂಲಕ ಸಿವಿಲ್ ಎಂಜಿನಿಯರಿಂಗ್ ಪಾಠ ತರಿಸಿಕೊಂಡು ಓದಿದರು. 1938ರಲ್ಲಿ ಕೆಲಸ ಶುರುವಾಯಿತು. ಯಂತ್ರಗಳಿರಲಿಲ್ಲ, ಗುದ್ದಲಿ, ಹಾರೆ, ತಳ್ಳುಗಾಡಿ, ಊರಿನ ಗಂಡಾಳುಗಳು. 1943ರಲ್ಲಿ ಫೋರ್ಟ್ ಬೇಯಿಂದ ದಿ ಬಾಟಮ್‌ವರೆಗಿನ ಮೊದಲ ತುಂಡು ಮುಗಿಯಿತು. 1947ರಲ್ಲಿ ಮೊದಲ ಜೀಪು ಬಂತು. 1951ರ ಹೊತ್ತಿಗೆ ವಿಂಡ್‌ವರ್ಡ್‌ಸೈಡ್‌, 1958ರಲ್ಲಿ ಝಯನ್ಸ್ ಹಿಲ್. ಇಪ್ಪತ್ತು ವರ್ಷ ಹಿಡಿಯಿತು, ಆದರೆ ರಸ್ತೆ ಇವತ್ತಿಗೂ ನಿಂತಿದೆ, ಅದರ ಮೇಲೇ ಟ್ರಕ್ಕುಗಳು ಓಡುತ್ತಿವೆ.

ಆ ರಸ್ತೆಯನ್ನು ಹತ್ತಿರದಿಂದ ನೋಡಲು ನಡೆಯಬೇಕು. ಕಾಂಕ್ರೀಟು ಹಾಸು, ಅಂಚಿಗೆ ಮೊಣಕಾಲೆತ್ತರದ ಕಲ್ಲುಗೋಡೆ. ಗೋಡೆಯ ಕಲ್ಲುಗಳು ಒಂದರಂತೆ ಒಂದಿಲ್ಲ. ಸಿಕ್ಕ ಬಂಡೆಯನ್ನು ಒಡೆದು, ಚೂಪು ಮೂಲೆಯನ್ನು ಒಳಗೆ ತಿರುಗಿಸಿ, ಚಪ್ಪಟೆ ಮುಖವನ್ನು ರಸ್ತೆಗೆ ಕೊಟ್ಟು ಕೂರಿಸಿದ್ದಾರೆ. ಗೋಡೆಯ ಆಚೆ ಬಗ್ಗಿ ನೋಡಿದರೆ ಕಾಲಡಿಯಲ್ಲಿ ನೂರಾರು ಅಡಿ ಕೆಳಗೆ ಸಮುದ್ರ. ಕೆಲವು ತಿರುವುಗಳಲ್ಲಿ ಎದುರಿನಿಂದ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಯಾರು ಸರಿಯಬೇಕು ಎಂಬುದಕ್ಕೆ ಜಗಳವಾದದ್ದನ್ನು ನಾನು ಕಾಣಲಿಲ್ಲ. ಕೈ ಎತ್ತುತ್ತಾರೆ, ಹಾರ್ನ್ ಒಂದು ಸಲ ಸಣ್ಣಗೆ ಒತ್ತುತ್ತಾರೆ, ಹೋಗುತ್ತಾರೆ.

 ಈ ಗೋಡೆಯೇ ಇಲ್ಲಿ ಬಸ್‌ ನಿಲ್ದಾಣ. ಊರ ಹೊರಗಿನ ಗೋಡೆಯ ಮೇಲೆ ಕೂತು ಹೆಬ್ಬೆರಳು ತೋರಿಸಿದರೆ ಬರುವ ಗಾಡಿ ನಿಲ್ಲುತ್ತದೆ. ಪರಸ್ಥಳದವರು, ಶಾಲೆ ಮಕ್ಕಳು, ಮುದುಕರು ಎಲ್ಲರದೂ ಇದೇ ಪದ್ಧತಿ. ನನ್ನನ್ನು ಹತ್ತಿಸಿಕೊಂಡ ಹೆಂಗಸು ಮೊದಲು ಕೇಳಿದ್ದು ಯಾವ ದೇಶ ಎಂದಲ್ಲ, ಯಾರ ಮನೆಯಲ್ಲಿ ಇಳಿದುಕೊಂಡಿದ್ದೀರಿ ಎಂದು. ಮಾರನೇ ದಿನ ಕಿರಾಣಿ ಅಂಗಡಿಗೆ ಹೋದರೆ ಗಲ್ಲಾದ ಹಿಂದಿದ್ದಾತನಿಗೆ ನಾನು ಇಂಡಿಯಾದವನು, ಮಾಂಸ ತಿನ್ನುವುದಿಲ್ಲ, ಬೆಟ್ಟ ಹತ್ತುವ ಯೋಚನೆಯಲ್ಲಿದ್ದೇನೆ ಎಂಬುದೆಲ್ಲ ಗೊತ್ತಿತ್ತು. ಎರಡು ಸಾವಿರ ಜನರ ಊರಿನಲ್ಲಿ ಗುಟ್ಟು ಇಟ್ಟುಕೊಳ್ಳುವುದು ಕಷ್ಟ. ಬಾಗಿಲಿಗೆ ಬೀಗ ಹಾಕದೆ ಇರುವುದು ಸುಲಭ. ಇಲ್ಲಿನವರು ಎರಡನೆಯದಕ್ಕಾಗಿ ಮೊದಲನೆಯದನ್ನು ಬಿಟ್ಟುಕೊಟ್ಟಿದ್ದಾರೆ.

ವಿಮಾನ ನಿಲ್ದಾಣದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ರನ್‌ವೇ ಉದ್ದ 400 ಮೀಟರ್. ಪ್ರಯಾಣಿಕ ವಿಮಾನಗಳು ಇಳಿಯುವ ಜಗತ್ತಿನ ಅತಿ ಗಿಡ್ಡ ರನ್‌ವೇ ಎಂದು ಇದಕ್ಕೆ ಹೆಸರು. ಎರಡೂ ತುದಿಯಲ್ಲಿ ಸಮುದ್ರಕ್ಕೆ ಬೀಳುವ ಕಡಿದಾದ ಅಂಚು, ಒಂದು ಪಕ್ಕದಲ್ಲಿ ಬೆಟ್ಟ. ಸೇಂಟ್ ಮಾರ್ಟನ್‌ನಿಂದ ಕಾಲು ಗಂಟೆಯೊಳಗೆ ಬರುವ ಪುಟ್ಟ ಟ್ವಿನ್ ಆಟರ್ ವಿಮಾನ ಇಲ್ಲಿ ಇಳಿದು ಅರ್ಧ ಹಾದಿಯಲ್ಲೇ ನಿಂತುಬಿಡುತ್ತದೆ. ಇದರಲ್ಲೂ ಊರವರ ಕೈಯಿದೆ. ದ್ವೀಪದಲ್ಲಿ ತಕ್ಕಮಟ್ಟಿಗೆ ಚಪ್ಪಟೆ ಎನ್ನಬಹುದಾದ ಜಾಗ ಫ್ಲಾಟ್ ಪಾಯಿಂಟ್ ಒಂದೇ, ಹಳೆಯ ಲಾವಾ ಹರಿದು ಗಟ್ಟಿಯಾದ ನೆಲ. ಅಲ್ಲಿನ ಕಲ್ಲುಗಳನ್ನು ಜನ ಕೈಯಲ್ಲೇ ಎತ್ತಿ ಜಾಗ ಮಾಡಿಕೊಟ್ಟರು; 1959ರ ಫೆಬ್ರವರಿ 9ರಂದು ರೆಮಿ ದ ಹೇನನ್ ಎಂಬ ಸೇಂಟ್ ಬಾರ್ಟ್ಸ್‌ನ ವೈಮಾನಿಕ ಮೊದಲ ಬಾರಿಗೆ ವಿಮಾನ ಇಳಿಸಿದ. 1963ರಲ್ಲಿ ನಿಲ್ದಾಣ ಶುರುವಾಯಿತು.

ವಿಂಡ್‌ವರ್ಡ್‌ಸೈಡ್ ಊರು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕೂತಿದೆ. ಬಿಳಿ ಗೋಡೆ, ಕೆಂಪು ಮಾಡು, ಹಸಿರು ಅಂಚಿನ ಕಿಟಕಿ. ದ್ವೀಪದ ತುಂಬ ಮನೆಗಳಿಗೆ ಇದೇ ಬಣ್ಣ. ಕೆಂಪು ಮಾಡಿನ ಸುತ್ತ ದೋಣಿ, ದೋಣಿಯಿಂದ ಕೊಳವೆ, ಕೊಳವೆಯಿಂದ ಮನೆಯ ಮಗ್ಗುಲ ಕಲ್ಲಿನ ತೊಟ್ಟಿ. ಇಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರೇ ಸ್ನಾನಕ್ಕೆ, ಅಡುಗೆಗೆ, ಬಟ್ಟೆಗೆ. ನಾನು ತಂಗಿದ್ದ ಮನೆಯ ಬಚ್ಚಲಲ್ಲಿ ನೀರು ಹಿತಮಿತವಾಗಿ ಬಳಸಿ ಎಂದು ಬರೆದು ಅಂಟಿಸಿತ್ತು.

ಇನ್ನೊಂದು ನೋಟ ಮೊದಲಿಗೆ ತಟ್ಟನೆ ನಿಲ್ಲಿಸುತ್ತದೆ. ಮನೆಯ ಅಂಗಳದಲ್ಲೇ ಸಮಾಧಿಗಳು. ಅಡುಗೆಮನೆ ಕಿಟಕಿಯಿಂದ ಹತ್ತು ಹೆಜ್ಜೆಗೆ ಅಜ್ಜ, ಅಜ್ಜಿ, ಮುತ್ತಜ್ಜ. ಪಕ್ಕದಲ್ಲೇ ಬಟ್ಟೆ ಒಣಗುವ ಹಗ್ಗ. ಕಲ್ಲಿನ ಮೇಲಿನ ಹೆಸರು ಓದುತ್ತ ಹೋದರೆ ಹ್ಯಾಸೆಲ್, ಜಾನ್ಸನ್, ಸಿಮನ್ಸ್, ಝೇಗರ್ಸ್, ಮತ್ತೆ ಹ್ಯಾಸೆಲ್. ಇಷ್ಟು ಹೆಸರಿನಲ್ಲೇ ಇಡೀ ದ್ವೀಪದ ವಂಶವೃಕ್ಷ ಬರೆದುಬಿಡಬಹುದು. ಬೇರೆ ದ್ವೀಪಗಳಂತೆ ಇಲ್ಲಿ ದೊಡ್ಡ ಕಬ್ಬಿನ ತೋಟಗಳು ಬೆಳೆಯಲಿಲ್ಲ, ನೆಲವೇ ಬಿಡಲಿಲ್ಲ. ಹಾಗೆಂದು ಗುಲಾಮಗಿರಿ ಇರಲಿಲ್ಲ ಎಂದಲ್ಲ. ಡಚ್ಚರ ಉಳಿದ ಕೆರಿಬಿಯನ್ ವಸಾಹತುಗಳಂತೆ ಇಲ್ಲಿಯೂ ಅದು ಕೊನೆಗೊಂಡದ್ದು 1863ರ ಜುಲೈ 1ರಂದು. ಬೆಟ್ಟದ ಮೇಲಿನ ತಟ್ಟುಗಳಿಗೆ ಒಡ್ಡು ಕಟ್ಟಿದವರು, ಹೊರೆ ಹೊತ್ತವರು ಯಾರು ಎಂದು ಕೇಳುವಾಗ ಈ ದಿನಾಂಕ ನೆನಪಿರಬೇಕು.

ಗಂಡಸರು ಸಮುದ್ರಕ್ಕೆ ಹೋಗುತ್ತಿದ್ದರು. ಸಾಬಾದವರು ನಾವಿಕರಾಗಿ, ಕ್ಯಾಪ್ಟನ್‌ಗಳಾಗಿ ಹೆಸರು ಮಾಡಿದ್ದರು. 1909ರಲ್ಲಿ ದಿ ಬಾಟಮ್‌ನಲ್ಲಿ ನೌಕಾಯಾನ ಕಲಿಸುವ ಶಾಲೆಯೇ ಶುರುವಾಗಿತ್ತು. ಆಮೇಲೆ ಅರೂಬಾ, ಕ್ಯುರಸಾವೊ ದ್ವೀಪಗಳಲ್ಲಿ ತೈಲ ಶುದ್ಧೀಕರಣ ಘಟಕಗಳು ಬಂದಾಗ ಅಲ್ಲಿಗೆ ಹೊರಟರು. ಊರಲ್ಲಿ ಉಳಿದ ಹೆಂಗಸರ ಕೈ ಹಿಡಿದದ್ದು ಲೇಸ್. ವೆನೆಜುವೆಲಾದ ಕಾರಾಕಾಸ್‌ನ ಕಾನ್ವೆಂಟಿನಲ್ಲಿ ಕಲಿತು 1870ರ ದಶಕದಲ್ಲಿ ಮರಳಿದ ಗರ್ಟ್ರೂಡ್ ಜಾನ್ಸನ್ ಎಂಬಾಕೆ ಇದನ್ನು ತಂದರು. ಅಂಚೆ ಹಡಗು ನಿಯಮಿತವಾದಾಗ ಹೆಂಗಸರು ಮಾಡಿದ ಉಪಾಯ ಕೇಳಿ: ಅಮೆರಿಕದಿಂದ ಬಂದ ಸಾಮಾನಿನ ಪೆಟ್ಟಿಗೆಗಳ ಮೇಲಿನ ಕಂಪನಿ ವಿಳಾಸ ನಕಲು ಮಾಡಿಕೊಂಡು ನೇರ ಆ ವಿಳಾಸಕ್ಕೇ ಪತ್ರ ಬರೆದು ಲೇಸ್ ಬೇಕೇ ಎಂದು ಕೇಳಿದರು. ಆರ್ಡರು ಬಂತು. ಬಂಡೆಯ ಮೇಲೆ ಕೂತು ನ್ಯೂಯಾರ್ಕಿನ ಜೊತೆ ವ್ಯಾಪಾರ.

ವಯಸ್ಸಾದ ಕೆಲವು ಹೆಂಗಸರು ಈಗಲೂ ಒಟ್ಟಿಗೆ ಸೇರಿ ಕಸೂತಿ ಹಾಕುತ್ತಾರೆ. ಒಬ್ಬರ ಪಕ್ಕ ಕೂತು ನೋಡಿದೆ. ಬಿಗಿಯಾದ ಲಿನನ್ ಬಟ್ಟೆ. ಸೂಜಿಯ ಮೊನೆಯಿಂದ ಅಡ್ಡ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಎಳೆದು ತೆಗೆಯುತ್ತಾರೆ. ಉಳಿಯುವುದು ಬರೀ ಉದ್ದದ ಎಳೆಗಳ ಪಟ್ಟಿ. ಆ ಎಳೆಗಳನ್ನು ನಾಲ್ಕೋ ಆರೋ ಸೇರಿಸಿ ನಡುವೆ ಗಂಟು ಹಾಕಿ, ಗಂಟಿನಿಂದ ಗಂಟಿಗೆ ಬೇರೆ ದಾರ ಓಡಿಸಿ ಹೂವು, ಚಕ್ರ, ಜೇಡರ ಬಲೆ ಮೂಡಿಸುತ್ತಾರೆ. ಒಂದು ಎಳೆ ತಪ್ಪಿ ಕತ್ತರಿಸಿದರೆ ಇಡೀ ಪಟ್ಟಿ ಹೋಯಿತು. ಆಕೆ ಕನ್ನಡಕದ ಮೇಲಿಂದ ನನ್ನೊಡನೆ ಮಾತಾಡುತ್ತಲೇ ಇದ್ದರು, ಸೂಜಿ ತಪ್ಪಲಿಲ್ಲ. ಕಲಿಯಲು ಹುಡುಗಿಯರು ಬರುತ್ತಾರೆಯೇ ಎಂದೆ. ಬರುತ್ತಾರೆ, ಕೂರುವುದಿಲ್ಲ ಎಂದರು.

ಇನ್ನು ಬೆಟ್ಟ. ಮೌಂಟ್ ಸೀನರಿ ಎಂಬ ಸಾಧಾರಣ ಹೆಸರಿನ ಈ ಶಿಖರದ ಎತ್ತರ 870 ಮೀಟರ್ ಆಸುಪಾಸು. ಯುರೋಪಿನ ನೆದರ್ಲೆಂಡ್ಸ್‌ನ ಅತಿ ಎತ್ತರದ ಗುಡ್ಡ 322 ಮೀಟರ್. ಹಾಗಾಗಿ ಇಡೀ ಡಚ್ ರಾಜಪ್ರಭುತ್ವದ ಅತಿ ಎತ್ತರದ ಜಾಗ ಈ ಪುಟ್ಟ ದ್ವೀಪದ ನೆತ್ತಿ. ವಿಂಡ್‌ವರ್ಡ್‌ಸೈಡ್‌ನಿಂದ ತುದಿಗೆ 1,064 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಲೆಕ್ಕದಲ್ಲಿ ಇದೇನೂ ಹೊಸತಲ್ಲ, ಆದರೆ ಈ ಮೆಟ್ಟಿಲುಗಳ ಜಾತಿಯೇ ಬೇರೆ. ಒಂದು ಅಂಗೈ ಎತ್ತರ, ಮುಂದಿನದು ಮೊಣಕಾಲೆತ್ತರ. ಮೇಲೆ ಹೋದಂತೆ ಪಾಚಿ, ಸದಾ ಒದ್ದೆ. ಇಳಿಯುವಾಗ ಮಂಡಿ ಲೆಕ್ಕ ಕೇಳುತ್ತದೆ.

ಹೊರಡುವ ಮೊದಲು ಸಾಬಾ ಕನ್ಸರ್ವೇಷನ್ ಫೌಂಡೇಷನ್‌ನವರ ಟ್ರೇಲ್ ಶಾಪ್‌ನಲ್ಲಿ ಹೆಸರು ಹೇಳಿ, ನಕಾಶೆ ಪಡೆದು ಹೋಗುವುದು ಕ್ರಮ. ಮೊದಲ ಅರ್ಧ ಗಂಟೆ ತೋಟದ ಸೀಮೆ. ಬಾಳೆ, ಕೆಸು. ಹೌದು, ನಮ್ಮ ಪತ್ರೊಡೆಯ ಅದೇ ಕೆಸುವಿನ ಕುಲ, ಇಲ್ಲಿ ಡಶೀನ್ ಎನ್ನುತ್ತಾರೆ, ಗೆಡ್ಡೆ ಬೇಯಿಸಿ ತಿನ್ನುತ್ತಾರೆ. ಒಂದು ಕಾಲಕ್ಕೆ ಈ ಇಳಿಜಾರುಗಳಲ್ಲೆಲ್ಲ ಆಲೂಗಡ್ಡೆ ಬೆಳೆಯುತ್ತಿದ್ದರು. ದ್ವೀಪದ ಲಾಂಛನದಲ್ಲೂ ಆಲೂಗಡ್ಡೆ ಗಿಡಕ್ಕೆ ಜಾಗವಿದೆ. ಪೊದೆಯ ನಡುವೆ ಬಿದ್ದುಹೋದ ಕಲ್ಲಿನ ಒಡ್ಡುಗಳು ಕಾಣುತ್ತವೆ. ಯಾರೋ ಮಣ್ಣು ಹೊತ್ತು ಸಮ ಮಾಡಿದ ತಟ್ಟುಗಳು ಅವು, ಈಗ ಕಾಡು ವಾಪಸು ತೆಗೆದುಕೊಂಡಿದೆ.

ಅರ್ಧ ದಾರಿಯ ಮೇಲೆ ಗಾಳಿ ಬದಲಾಗುತ್ತದೆ. ಮರಜರಿಗಳು, ಕೊಂಬೆಯ ಮೇಲೆ ಬೆಳೆದ ಬ್ರೊಮೀಲಿಯಾಡ್‌ಗಳು, ಆನೆಕಿವಿಯಷ್ಟು ಅಗಲದ ಎಲೆಗಳು. ದಾರಿಯ ಅಂಚಿನಲ್ಲಿ ಕೆಂಪು ರಾಸ್ಪ್‌ಬೆರ್ರಿ, ರುಚಿ ಸಪ್ಪೆ. ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಸಣ್ಣ ಹಲ್ಲಿಗಳು. ಗಂಡಿನ ಮೈಮೇಲೆ ಚಿರತೆಯ ಚುಕ್ಕೆ. ಅನೊಲಿಸ್ ಸಬಾನಸ್ ಎಂಬ ಈ ಹಲ್ಲಿ ಭೂಮಿಯ ಮೇಲೆ ಸಹಜವಾಗಿ ಇರುವುದು ಈ 13 ಚದರ ಕಿಲೋಮೀಟರಿನಲ್ಲಿ ಮಾತ್ರ. ಒಂದು ಕಡೆ ಕಂದು ಬಣ್ಣದ ತೆಳು ಹಾವು ಅವಸರವಿಲ್ಲದೆ ದಾರಿ ದಾಟಿತು. ಕೆಂಪು ಹೊಟ್ಟೆಯ ರೇಸರ್, ಮನುಷ್ಯರಿಗೆ ಅಪಾಯವಿಲ್ಲ. ಸಾಬಾ ಮತ್ತು ನೆರೆಯ ಸಿಂಟ್ ಯುಸ್ಟೇಷಿಯಸ್ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಮುಂಗುಸಿ ಬಿಟ್ಟ ದ್ವೀಪಗಳಲ್ಲಿ ಇಂಥ ಹಾವುಗಳು ಮುಗಿದುಹೋದವು. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಮುಂಗುಸಿಯನ್ನು ತಂದದ್ದು ಬೇರೆ ದ್ವೀಪಗಳು. ದೊಡ್ಡ ಕಬ್ಬಿನ ಗದ್ದೆಗಳಿಲ್ಲದ ಸಾಬಾ ಆ ದೃಷ್ಟಿಯಿಂದ ಬಚಾವಾಯಿತು.

ತುದಿಯಲ್ಲಿ ಮೋಡದ ಕಾಡು. ಮೌಂಟನ್ ಮಹಾಗನಿ ಎಂದು ಇಲ್ಲಿ ಕರೆಯುವ ಕುಳ್ಳ ಮರಗಳು, ಮೈತುಂಬ ಹಾವಸೆ, ಎಲೆಯಿಂದ ಎಲೆಗೆ ಹನಿ. 1998ರ ಜಾರ್ಜಸ್ ಚಂಡಮಾರುತದಲ್ಲಿ ಈ ಮರಗಳಲ್ಲಿ ಎಷ್ಟೋ ಬಿದ್ದವು, 2017ರಲ್ಲಿ ಇರ್ಮಾ ಮತ್ತು ಮರಿಯಾ ಮತ್ತೆ ಬಡಿದವು. ಬಿದ್ದ ಕಾಂಡದ ಮೇಲೆ ಹೊಸ ಚಿಗುರು ಇದೆ. ಶಿಖರದ ಹತ್ತಿರ ದೂರಸಂಪರ್ಕದ ಗೋಪುರ, ಅದನ್ನು ದಾಟಿ ಹಗ್ಗ ಹಿಡಿದು ಬಂಡೆ ಹತ್ತಿದರೆ ಕೆಳಗೆ ವಿಂಡ್‌ವರ್ಡ್‌ಸೈಡ್‌ನ ಕೆಂಪು ಮಾಡುಗಳು ಕಾಣಬೇಕು. ನನಗೆ ಮೊದಲು ಕಂಡದ್ದು ಬಿಳಿ ಮಂಜು. ಜೊತೆಗಿದ್ದ ಡಚ್ ದಂಪತಿ ಹತ್ತು ನಿಮಿಷ ಕಾದು ಇಳಿದುಬಿಟ್ಟರು. ಇನ್ನೊಂದಿಷ್ಟು ಹೊತ್ತು ಕೂತಿದ್ದಕ್ಕೆ ಒಂದು ನಿಮಿಷದ ಮಟ್ಟಿಗೆ ಮಂಜು ಹರಿದು ಊರು, ರಸ್ತೆ, ಸಮುದ್ರ ಎಲ್ಲ ಒಟ್ಟಿಗೆ ಕಂಡಿತು.

ಪ್ರವಾಸದ ಕರಪತ್ರಗಳು ಸಾಬಾವನ್ನು ‘ಕೆಡದ ರಾಣಿ’ ಎಂದು ಹೊಗಳುತ್ತವೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಆಲೂಗಡ್ಡೆಗಾಗಿ ಕಾಡು ಕಡಿದಿದ್ದಾರೆ, ಝಯನ್ಸ್ ಹಿಲ್‌ನ ಕೆಳಗೆ ಗಂಧಕ ಅಗೆದ ಸುರಂಗವಿದೆ, ಆಡುಗಳು ಇಳಿಜಾರು ಬೋಳಿಸಿವೆ. ಕೆಟ್ಟದ್ದನ್ನು ಕೂತು ರಿಪೇರಿ ಮಾಡಿಕೊಂಡ ದ್ವೀಪ ಇದು, ಮಾಡಿಕೊಳ್ಳುತ್ತಲೇ ಇದೆ. ಅದು ಕೆಡದೇ ಉಳಿಯುವುದಕ್ಕಿಂತ ಹೆಚ್ಚಿನ ಕೆಲಸ.

ಆಡಿನ ವಿಷಯ ತೆಗೆದರೆ ಮಾತ್ರ ಊರಲ್ಲಿ ದನಿ ಏರುತ್ತದೆ. ತಲೆಮಾರುಗಳಿಂದ ಇಲ್ಲಿ ಆಡುಗಳನ್ನು ಬೆಟ್ಟಕ್ಕೆ ಬಿಟ್ಟು, ಹಬ್ಬಕ್ಕೆ ಬೇಕಾದಾಗ ಹಿಡಿಯುವ ರೂಢಿ. ಅವು ಗಿಡ ಮೇಯುತ್ತವೆ, ಮಣ್ಣು ಸಡಿಲವಾಗುತ್ತದೆ, ಮಳೆ ಬಂದಾಗ ಆ ಮಣ್ಣು ನೇರ ಹವಳದ ಮೇಲೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಸರ್ಕಾರ ಬಿಡಾಡಿ ಆಡುಗಳನ್ನು ಕಡಿಮೆ ಮಾಡುವ ಕಾರ್ಯಕ್ರಮ ಹಾಕಿಕೊಂಡಿದೆ. ಗಿಡ ನೆಡುವವರಿಗೆ ಸಂತೋಷ, ಆಡಿನ ಸಾರು ಇಲ್ಲದ ಭಾನುವಾರವನ್ನು ಒಪ್ಪದವರಿಗೆ ಸಿಟ್ಟು. ಇಬ್ಬರೂ ಒಂದೇ ಚರ್ಚಿಗೆ ಹೋಗುವವರು, ಬಹುಶಃ ಸಂಬಂಧಿಕರೂ ಆಗಿರುತ್ತಾರೆ. ಮಣ್ಣು ಜಾರುವುದನ್ನು ಕಣ್ಣಾರೆ ಕಂಡ ಮೇಲೆ ನನ್ನ ಮತ ಗಿಡದವರ ಕಡೆಗೆ.

ದಿ ಬಾಟಮ್ ಹೆಸರಿಗೆ ತಳ, ಆದರೆ ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲೇ ಇರುವ ಬೋಗುಣಿಯಂಥ ಜಾಗ. ಸರ್ಕಾರಿ ಕಚೇರಿ, ಆಸ್ಪತ್ರೆ ಇಲ್ಲಿವೆ. ಜೊತೆಗೆ 1990ರ ದಶಕದಿಂದ ನಡೆಯುತ್ತಿರುವ ಸಾಬಾ ಯೂನಿವರ್ಸಿಟಿ ಸ್ಕೂಲ್ ಆಫ್ ಮೆಡಿಸಿನ್. ವಿದ್ಯಾರ್ಥಿಗಳು ಹೆಚ್ಚಾಗಿ ಅಮೆರಿಕ, ಕೆನಡಾದವರು. ನೂರಾರು ವಿದ್ಯಾರ್ಥಿಗಳೆಂದರೆ ಈ ಊರಿಗೆ ಬಾಡಿಗೆ, ಅಂಗಡಿ, ಕ್ಯಾಂಟೀನು, ಎಲ್ಲಕ್ಕೂ ಆಧಾರ. ಅವರು ಓದು ಮುಗಿಸಿ ಹೊರಡುತ್ತಾರೆ. ಊರಿನ ಮಕ್ಕಳು ಸೇಂಟ್ ಜಾನ್ಸ್‌ನ ಹೈಸ್ಕೂಲು ಮುಗಿಸಿದ ಮೇಲೆ ಅವರೂ ಹೊರಡುತ್ತಾರೆ, ಸೇಂಟ್ ಮಾರ್ಟನ್‌ಗೋ ನೆದರ್ಲೆಂಡ್ಸ್‌ಗೋ. ಕೆಲವರು ಮರಳುತ್ತಾರೆ. ಎಲ್ಲ ಸಾಮಾನೂ ಹಡಗಿನಲ್ಲಿ ಬರುವುದರಿಂದ ಟೊಮೆಟೊ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಡಗು ಬಂದ ದಿನ ಅಂಗಡಿಗೆ ಜನ ನುಗ್ಗುವುದನ್ನು ನೋಡಬೇಕು. ಲೆಟ್ಯೂಸ್ ಸಂಜೆಯೊಳಗೆ ಖಾಲಿ.

ದಿ ಬಾಟಮ್‌ನಿಂದ ಪಶ್ಚಿಮಕ್ಕೆ ಇಳಿದರೆ ಲ್ಯಾಡರ್ ಬೇ. ಏಣಿ ಎಂದೇ ಹೆಸರಾದ ಸುಮಾರು 800 ಮೆಟ್ಟಿಲುಗಳು ಬಂಡೆಯಲ್ಲಿ ಕಡಿದು, ಕಲ್ಲು ಇಟ್ಟು ಮಾಡಿದವು. ರಸ್ತೆ ಬರುವ ಮುಂಚೆ ದ್ವೀಪಕ್ಕೆ ಬಂದ ಸರಕಿನ ಬಹುಪಾಲು ಹತ್ತಿದ್ದು ಇದೇ ದಾರಿ. ನಡುವೆ ಹಾಳುಬಿದ್ದ ಸುಂಕದ ಕಟ್ಟೆ ನಿಂತಿದೆ. ಅರ್ಧ ಹತ್ತಿ ಬೆವರು ಒರೆಸಿಕೊಳ್ಳುವಾಗ ಸುಂಕದವನು ಎದುರಾಗುತ್ತಿದ್ದ ಎಂದು ಊಹಿಸಿಕೊಂಡರೆ ಆ ಹೊರೆಯ ಜನರ ಬಗ್ಗೆ ಅಯ್ಯೋ ಅನ್ನಿಸುತ್ತದೆ. ಬರಿಗೈಲಿ ಹತ್ತುವುದೇ ನನಗೆ ಸಾಕಾಯಿತು. 1701ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಲಬಾ ತನ್ನ ಪ್ರವಾಸದ ಬರವಣಿಗೆಯಲ್ಲಿ ಈ ದ್ವೀಪದ ಮುಖ್ಯ ಕಸುಬು ಶೂ ಹೊಲಿಯುವುದು ಎಂದು ದಾಖಲಿಸಿದ್ದಾನೆ. ಈ ಕಲ್ಲಿನ ಮೇಲೆ ಬೇರೆ ಯಾವ ಕಸುಬು ನಡೆದೀತು!

ಏಣಿಯ ಬುಡದ ನೀರಿನಲ್ಲಿ ಇನ್ನೊಂದು ಸಾಬಾ ಶುರುವಾಗುತ್ತದೆ. 1987ರಲ್ಲಿ ದ್ವೀಪದ ಸುತ್ತಲಿನ ಸಮುದ್ರವನ್ನೆಲ್ಲ, ಭರತದ ಗೆರೆಯಿಂದ 60 ಮೀಟರ್ ಆಳದವರೆಗೆ, ಸಾಬಾ ಮರೀನ್ ಪಾರ್ಕ್ ಎಂದು ಘೋಷಿಸಿದರು. ಒಂದು ಮೂಲೆ ಹವಳವನ್ನಲ್ಲ, ಇಡೀ ದ್ವೀಪದ ಕಡಲ ಅಂಚನ್ನು. ಮುಳುಗುವ ಜಾಗಗಳಲ್ಲಿ ಶಾಶ್ವತ ತೇಲುಬುರುಡೆಗಳನ್ನು ಕಟ್ಟಿದ್ದಾರೆ. ದೋಣಿಯವರು ಅದಕ್ಕೆ ಹಗ್ಗ ಬಿಗಿಯುತ್ತಾರೆ, ಲಂಗರು ಎಸೆದು ಹವಳ ಒಡೆಯುವಂತಿಲ್ಲ. ಮುಳುಗುವವರು ಪ್ರತಿ ಸಲ ಸಣ್ಣ ಶುಲ್ಕ ಕೊಡುತ್ತಾರೆ, ಆ ದುಡ್ಡು ಪಾರ್ಕಿನ ಖರ್ಚಿಗೆ. ಜ್ವಾಲಾಮುಖಿಯ ಸೂಜಿಶಿಖರಗಳು ಸಮುದ್ರದ ಆಳದಿಂದ ಎದ್ದು ಮೇಲ್ಮೈಗೆ ಬರುವ ಮೊದಲೇ ನಿಲ್ಲುತ್ತವೆ. ಡೈವಿಂಗ್ ಪ್ರಿಯರು ದೂರದೂರದಿಂದ ಬರುವುದು ಅವನ್ನು ನೋಡಲು. ನಾನು ಅಷ್ಟು ಆಳದವನಲ್ಲ. ಮುಖವಾಡ, ಉಸಿರುಕೊಳವೆ ಕಟ್ಟಿಕೊಂಡು ವೆಲ್ಸ್ ಬೇ ಹತ್ತಿರ ತೇಲಿದೆ. ಕಪ್ಪು ಬಂಡೆಯ ಬಿರುಕುಗಳಲ್ಲಿ ನೀಲಿ ಮೀನುಗಳ ಹಿಂಡು, ಒಂದು ಆಮೆ, ತಳದಲ್ಲಿ ಸುಮ್ಮನೆ ಮಲಗಿದ್ದ ನರ್ಸ್ ಶಾರ್ಕ್.

ಬಂಡೆಯ ಮೇಲೆ ನಾನು ಹುಡುಕಿದ್ದು ಕಡಲ ಅರ್ಚಿನ್, ಉದ್ದನೆ ಕಪ್ಪು ಮುಳ್ಳಿನ ದುಂಡು ಜೀವಿ. ಹವಳದ ಮೇಲಿನ ಪಾಚಿ ಮೇಯುವುದು ಅದರ ಕೆಲಸ. 1983-84ರಲ್ಲಿ ಕೆರಿಬಿಯನ್ ಉದ್ದಗಲಕ್ಕೆ ರೋಗ ತಗುಲಿ ಇವು ಸಾಮೂಹಿಕವಾಗಿ ಸತ್ತವು. ಪಾಚಿ ಬೆಳೆದು ಹವಳದ ಉಸಿರು ಕಟ್ಟಿತು. ಸಾಬಾದಲ್ಲಿ ಇವನ್ನು ಸಾಕಿ ಮತ್ತೆ ಸಮುದ್ರಕ್ಕೆ ಬಿಡುವ ಪ್ರಯೋಗ ನಡೆಯಿತು. ಅಷ್ಟರಲ್ಲೇ 2022ರಲ್ಲಿ ಮತ್ತೊಂದು ಸುತ್ತು ಸಾವು ಈ ದ್ವೀಪಕ್ಕೂ ಬಂತು. ಪಾರ್ಕಿನ ಗಡಿ ನಕಾಶೆಯಲ್ಲಿರುತ್ತದೆ, ರೋಗ ನೀರಿನಲ್ಲಿ ಬರುತ್ತದೆ. ಆದರೂ ಅವರು ಕೈಬಿಟ್ಟಿಲ್ಲ. ನೈರುತ್ಯದಲ್ಲಿ ಸಾಬಾ ಬ್ಯಾಂಕ್ ಎಂಬ, 2,000 ಚದರ ಕಿಲೋಮೀಟರಿಗೂ ದೊಡ್ಡ ಮುಳುಗಿದ ಹವಳದ ದಿಬ್ಬವಿದೆ. ಊರಿನ ಮೀನುಗಾರರು ಲಾಬ್‌ಸ್ಟರ್ ಹಿಡಿಯುವುದು ಅಲ್ಲೇ. ಬೆಳಗಿನ ಜಾವ ಫೋರ್ಟ್ ಬೇಯಿಂದ ಹೊರಟ ದೋಣಿಗಳು ಮಧ್ಯಾಹ್ನ ಮರಳುವಾಗ ಬಂದರಿನ ಕಟ್ಟೆಯ ಮೇಲೆ ಅರ್ಧ ಊರೇ ಇರುತ್ತದೆ.

ದ್ವೀಪದ ಉತ್ತರದಲ್ಲಿ ಜನರಿಲ್ಲದ ಒಂದು ಊರೂ ಇದೆ, ಮೇರೀಸ್ ಪಾಯಿಂಟ್. ಇಳಿಜಾರು ಕುಸಿಯುತ್ತಿದೆ, ಊರು ದೂರ ಎಂಬ ಕಾರಣ ಕೊಟ್ಟು 1934ರಲ್ಲಿ ಸರ್ಕಾರ ಅಲ್ಲಿನವರನ್ನು ಎಬ್ಬಿಸಿತು. ಮನೆಗಳ ಹಲಗೆ ಬಿಚ್ಚಿ ಹೊತ್ತು ತಂದು ದಿ ಬಾಟಮ್‌ನ ಒಂದು ಅಂಚಿನಲ್ಲಿ ಮತ್ತೆ ಜೋಡಿಸಿಕೊಂಡರು. ಆ ಬಡಾವಣೆಗೆ ‘ಪ್ರಾಮಿಸ್ಡ್ ಲ್ಯಾಂಡ್’ ಎಂದು ಹೆಸರು ಬಿತ್ತು. ಬೈಬಲಿನ ವಾಗ್ದತ್ತ ಭೂಮಿ! ಎಬ್ಬಿಸಿದವರ ಭಕ್ತಿಯೋ ಎದ್ದು ಬಂದವರ ವ್ಯಂಗ್ಯವೋ ಹೇಳುವುದು ಕಷ್ಟ. ಆ ಕಡೆಯ ಜಾಡು ಹಾಳಾಗಿದೆ, ಬಲ್ಲವರ ಜೊತೆಯಲ್ಲದೆ ಹೋಗಬಾರದು. ಮನೆಗಳ ಅಡಿಪಾಯ, ತೊಟ್ಟಿಯ ಗೋಡೆ, ಅಂಗಳದ ಸಮಾಧಿಗಳು ಈಗಲೂ ಅಲ್ಲೇ ಇವೆ. ಮನೆ ಹೊತ್ತು ತರಬಹುದಿತ್ತು, ಹಿರಿಯರನ್ನು ತರಲಾಗಲಿಲ್ಲ.

ಜುಲೈ ಕೊನೆಗೆ ಕಾರ್ನಿವಲ್, ಡಿಸೆಂಬರ್ ಮೊದಲ ಶುಕ್ರವಾರ ಸಾಬಾ ದಿನ. ಕುಣಿತ, ಸ್ಟೀಲ್ ಡ್ರಮ್, ಮನೆಯಲ್ಲೇ ಮಾಡುವ ಸಾಬಾ ಸ್ಪೈಸ್ ಎಂಬ ಮಸಾಲೆ ರಮ್, ಎಲ್ಲವೂ ಉಂಟು. ಕಾರ್ನಿವಲ್ ಬೇರೆ ದ್ವೀಪಗಳಲ್ಲೂ ಇದೆ. ನನಗೆ ಹೆಚ್ಚು ಹಿಡಿಸಿದ್ದು 2003ರಿಂದ ಅಕ್ಟೋಬರಿನಲ್ಲಿ ನಡೆಯುವ ‘ಸೀ ಅಂಡ್ ಲರ್ನ್’. ಬೇರೆ ಬೇರೆ ದೇಶದ ವಿಜ್ಞಾನಿಗಳು ಬಂದು ಸಂಜೆ ಹೋಟೆಲಿನಲ್ಲೋ ಸಭಾಂಗಣದಲ್ಲೋ ಮಾತಾಡುತ್ತಾರೆ, ಹಗಲು ಜನರನ್ನು ಕರೆದುಕೊಂಡು ಬೆಟ್ಟಕ್ಕೋ ಸಮುದ್ರಕ್ಕೋ ಹೋಗುತ್ತಾರೆ. ಪ್ರವೇಶ ಧನವಿಲ್ಲ. ಶಾರ್ಕ್, ಹಲ್ಲಿ, ಆರ್ಕಿಡ್, ಜ್ವಾಲಾಮುಖಿ, ಬಾವಲಿ. ಹಿಂದಿನ ಸಾಲಿನಲ್ಲಿ ಮೀನುಗಾರರು ಕೂತು ವಿಜ್ಞಾನಿಯನ್ನೇ ತಿದ್ದುವುದೂ ಉಂಟಂತೆ. ಹಲ್ಲಿಯ ಲ್ಯಾಟಿನ್ ಹೆಸರನ್ನು ಶಾಲೆ ಹುಡುಗನೊಬ್ಬ ನನಗೆ ಹೇಳಿಕೊಟ್ಟಾಗ ಇದರ ಬೆಲೆ ಗೊತ್ತಾಯಿತು.

ಹೋಗುವ ಮನಸ್ಸಿದ್ದವರಿಗೆ ಎರಡು ಮಾತು. ಸೇಂಟ್ ಮಾರ್ಟನ್‌ವರೆಗೆ ದೊಡ್ಡ ವಿಮಾನ, ಅಲ್ಲಿಂದ ಪುಟ್ಟ ವಿಮಾನ ಅಥವಾ ಫೆರ್ರಿ. ಸಮುದ್ರ ಕೆರಳಿದ್ದರೆ ಫೆರ್ರಿಯಲ್ಲಿ ಹೊಟ್ಟೆ ತೊಳಸುವುದು ಖಂಡಿತ. ವೀಸಾ ನಿಯಮವನ್ನು ಡಚ್ ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ, ನಡೆಯಲು ಒಳ್ಳೆಯದು. ಒಂದೇ ದಿನಕ್ಕೆ ಬಂದು ರನ್‌ವೇಯ ಫೋಟೊ ತೆಗೆದು ಹಿಂತಿರುಗುವವರೂ ಇದ್ದಾರೆ, ಹಾಗೆ ಮಾಡಬೇಡಿ. ಟ್ರೇಲ್ ಶಾಪ್‌ನಲ್ಲಿ ಕೇಳುವ ಶುಲ್ಕಕ್ಕೆ ಚೌಕಾಸಿ ಮಾಡಬೇಡಿ, ಜಾಡು ಸವರುವವರ ಕೂಲಿ ಅದು. ಮನೆಯಲ್ಲಿ ನೀರು ನೋಡಿಕೊಂಡು ಬಳಸಿ. ಮರಳಿನ ಮೇಲೆ ಮಲಗುವ ಆಸೆಯಿದ್ದರೆ ಸೇಂಟ್ ಮಾರ್ಟನ್‌ನಲ್ಲೇ ಉಳಿಯಿರಿ. ಸಾಬಾಗೆ ಬರುವುದಾದರೆ ಹಿಡಿತವಿರುವ ಗಟ್ಟಿ ಶೂ ಹಾಕಿಕೊಂಡು ಬನ್ನಿ.